ವಿಟಿಯು ವೆಬ್ ಪಾಠ: ಸಿಲಬಸ್‌ನಲ್ಲಿ ಏನಿದೆ, ಯಾವ ಅಧ್ಯಾಯ ಬಿಟ್ಟುಹೋಗಿದೆ

ಪಹಣಿ ಬೇಕಾದರೆ ವೆಬ್‌ಸೈಟು, ಜಾತಿ ಪ್ರಮಾಣಪತ್ರಕ್ಕೆ ವೆಬ್‌ಸೈಟು, ಆಸ್ತಿ ನೋಂದಣಿಗೆ ಕಾವೇರಿ 2.0, ಗೃಹಜ್ಯೋತಿಗೆ ಸೇವಾ ಸಿಂಧು. ಕರ್ನಾಟಕದ ಸಾಮಾನ್ಯ ಮನುಷ್ಯನಿಗೆ ಸರ್ಕಾರ ಅನ್ನುವುದು ಈಗ ಹೆಚ್ಚಿನ ದಿನ ಒಂದು ಫಾರಂ, ಒಂದು ಒಟಿಪಿ, ಅದೃಷ್ಟ ಕೆಟ್ಟರೆ 'ಸರ್ವರ್ ಡೌನ್' ಅನ್ನೋ ಮಾತು. ಇಂಥ ಫಾರಂಗಳನ್ನು ಕಟ್ಟುವ ಕೆಲಸಕ್ಕೆ ನಮ್ಮ ಎಂಜಿನಿಯರುಗಳು ತಯಾರಾಗೋದು ಎಲ್ಲಿ? ಬಹಳ ಮಂದಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಒಂದು ವಿಷಯದಲ್ಲಿ. ಆ ವಿಷಯದ ಹೆಸರು ಕಾಲಕಾಲಕ್ಕೆ ಬದಲಾಗಿದೆ: ಮೊದಲು 'ಪ್ರೋಗ್ರಾಮಿಂಗ್ ದ ವೆಬ್', ಆಮೇಲೆ 'ವೆಬ್ ಟೆಕ್ನಾಲಜಿ ಅಂಡ್ ಇಟ್ಸ್ ಅಪ್ಲಿಕೇಶನ್ಸ್', ಈಚೆಗೆ 'ಫುಲ್ ಸ್ಟ್ಯಾಕ್ ಡೆವಲಪ್‌ಮೆಂಟ್'. ನಾನು 2010ರ ಸ್ಕೀಮಿನ ವಿದ್ಯಾರ್ಥಿ. ಪತ್ರಿಕೋದ್ಯಮಕ್ಕೆ ಬಂದ ಮೇಲೆ ಈ ಮೂರೂ ಕಾಲದ ಸಿಲಬಸ್‌ಗಳನ್ನು ಪಕ್ಕಪಕ್ಕ ಇಟ್ಟು ಓದಿದೆ. ಇದು ಆ ಓದಿನ ಟಿಪ್ಪಣಿ. ಎಂಜಿನಿಯರಿಂಗ್ ಓದದವರಿಗೂ ಅರ್ಥವಾಗಲಿ ಅಂತ ಕೆಲವು ಕಡೆ ನಿಧಾನವಾಗಿ ಹೋಗುತ್ತೇನೆ.

ಮೊದಲು ಕೋಡ್ ಓದೋದು ಹೇಗೆ ಅಂತ ನೋಡೋಣ. ವಿಟಿಯು 1998ರಲ್ಲಿ ಶುರುವಾಯಿತು, 1994ರ ಕಾಯ್ದೆಯ ಅಡಿಯಲ್ಲಿ. ಕೆಲವು ವರ್ಷಕ್ಕೊಮ್ಮೆ ಇಡೀ ಪಠ್ಯ ಬದಲಾಗುತ್ತದೆ, ಅದನ್ನೇ 'ಸ್ಕೀಮ್' ಅನ್ನೋದು. 10ಸಿಎಸ್73 ಅಂದರೆ 2010ರ ಸ್ಕೀಮ್, ಕಂಪ್ಯೂಟರ್ ಸೈನ್ಸ್, ಏಳನೇ ಸೆಮಿಸ್ಟರ್, ಮೂರನೇ ವಿಷಯ. ಇಲ್ಲೊಂದು ಸೂಕ್ಷ್ಮ ಇದೆ. ಏಳನೇ ಸೆಮಿಸ್ಟರಿನ ವಿಷಯವನ್ನು ಆ ಸ್ಕೀಮಿನ ಮೊದಲ ಬ್ಯಾಚು ಓದೋದು ಮೂರು ವರ್ಷ ಕಳೆದ ಮೇಲೆ, ಕೊನೆಯ ಬ್ಯಾಚು ಅದಕ್ಕೂ ನಾಲ್ಕೈದು ವರ್ಷ ತಡವಾಗಿ. ಉಳಿದ ಎಂಜಿನಿಯರಿಂಗ್ ವಿಷಯಗಳಿಗೆ ಇದು ದೊಡ್ಡ ತೊಂದರೆ ಅಲ್ಲ. ತೊಲೆ ಬಾಗುವ ಲೆಕ್ಕ ಎಂಟು ವರ್ಷಕ್ಕೆ ಹಳೆಯದಾಗೋದಿಲ್ಲ. ವೆಬ್ ಹಳೆಯದಾಗುತ್ತದೆ.

ನಮ್ಮ ಕಾಲದ ಎಂಟು ಯೂನಿಟ್

10ಸಿಎಸ್73ಕ್ಕೆ ಆಧಾರ ರಾಬರ್ಟ್ ಸೆಬೆಸ್ಟಾ ಬರೆದ 'ಪ್ರೋಗ್ರಾಮಿಂಗ್ ದ ವರ್ಲ್ಡ್ ವೈಡ್ ವೆಬ್'. ಎಕ್ಸ್‌ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ಎಕ್ಸ್‌ಎಂಎಲ್, ಪರ್ಲ್ ಮತ್ತು ಸಿಜಿಐ, ಪಿಎಚ್‌ಪಿ, ಕೊನೆಗೆ ರೂಬಿ ಆನ್ ರೈಲ್ಸ್. ಎಂಟು ಯೂನಿಟ್, ಐದು ಪ್ರಶ್ನೆಗೆ ಉತ್ತರ, ನೂರು ಅಂಕ. ಮೂರು ಬೇರೆ ಬೇರೆ ಸರ್ವರ್ ಭಾಷೆಗಳನ್ನು ಒಂದೇ ಸೆಮಿಸ್ಟರಿನಲ್ಲಿ ಮುಟ್ಟಿ ಮುಂದೆ ಹೋಗೋದು, ಮದುವೆ ಊಟದಲ್ಲಿ ಬಡಿಸುವವರು ಸಾಲು ದಾಟಿದ ಹಾಗೆ.

ಪುಸ್ತಕವಾಗಿ ಸೆಬೆಸ್ಟಾ ಕೆಟ್ಟದ್ದಲ್ಲ. ಆದರೆ ಕಾಲ ಓಡುತ್ತಿತ್ತು. ಎಕ್ಸ್‌ಎಚ್‌ಟಿಎಂಎಲ್‌ನ ಮುಂದಿನ ಆವೃತ್ತಿಯ ಕೆಲಸವನ್ನು ಡಬ್ಲ್ಯು3ಸಿ 2009ರಲ್ಲೇ ಕೈಬಿಡಲು ನಿರ್ಧರಿಸಿತ್ತು. ಎಚ್‌ಟಿಎಂಎಲ್5 2014ರ ಅಕ್ಟೋಬರಿನಲ್ಲಿ ಅಧಿಕೃತ ಮಾನದಂಡವಾಯಿತು. ಪರ್ಲ್ ಭಾಷೆ ತನ್ನ ಸಿಜಿಐ ಮಾಡ್ಯೂಲನ್ನು ಮೂಲ ಕಟ್ಟಿನಿಂದಲೇ ತೆಗೆದದ್ದು 2015ರಲ್ಲಿ. ಪಿಎಚ್‌ಪಿ 7 ಬಂದಾಗ, ಅದೂ 2015ರಲ್ಲೇ, ನಾವು ಲ್ಯಾಬ್ ರೆಕಾರ್ಡಿನಲ್ಲಿ ಶ್ರದ್ಧೆಯಿಂದ ಬರೆದಿದ್ದ ಹಳೆಯ ಮೈಎಸ್‌ಕ್ಯುಎಲ್ ಫಂಕ್ಷನ್‌ಗಳು ಭಾಷೆಯಿಂದಲೇ ಮಾಯವಾದವು.

ಇದೆಲ್ಲ ಹಳೆಯದಾಯಿತು ಅನ್ನೋ ದೂರು ಅಷ್ಟೇ ಆಗಿದ್ದರೆ ಈ ಲೇಖನ ಬೇಕಿರಲಿಲ್ಲ. ಹಳೆಯ ಭಾಷೆಯಲ್ಲೂ ಒಳ್ಳೆಯ ಪಾಠ ಮಾಡಬಹುದು. ನನ್ನ ತಕರಾರು ಲ್ಯಾಬ್ ಪ್ರಯೋಗಗಳ ಬಗ್ಗೆ.

2010ರ ವೆಬ್ ಲ್ಯಾಬಿನ ಒಂದು ಪ್ರಯೋಗ ಹೀಗಿದೆ: ಎಚ್‌ಟಿಎಂಎಲ್ ಫಾರಂ ಮೂಲಕ ಒಂದು ಯುನಿಕ್ಸ್ ಕಮ್ಯಾಂಡ್ ತೆಗೆದುಕೊಂಡು, ಅದನ್ನು ಸರ್ವರಿನಲ್ಲಿ ಓಡಿಸಿ, ಫಲಿತಾಂಶ ತೋರಿಸುವ ಪರ್ಲ್ ಪ್ರೋಗ್ರಾಂ ಬರೆಯಿರಿ. ಮತ್ತೊಮ್ಮೆ ಓದಿ. ಬ್ರೌಸರ್ ಇರುವ ಯಾರು ಬೇಕಾದರೂ ಏನು ಬೇಕಾದರೂ ಟೈಪ್ ಮಾಡಬಹುದು, ಸರ್ವರು ಅದನ್ನು ಮರುಮಾತಿಲ್ಲದೆ ಮಾಡುತ್ತದೆ. ಫೈಲು ತೋರಿಸು ಅಂದರೆ ತೋರಿಸುತ್ತದೆ, ಅಳಿಸು ಅಂದರೆ ಅಳಿಸುತ್ತದೆ. ಭದ್ರತೆಯ ಭಾಷೆಯಲ್ಲಿ ಇದಕ್ಕೆ ಕಮ್ಯಾಂಡ್ ಇಂಜೆಕ್ಷನ್ ಅನ್ನುತ್ತಾರೆ, ವೆಬ್ ಅಪ್ಲಿಕೇಶನ್ನಿನಲ್ಲಿ ಇರಬಹುದಾದ ಅತಿ ಕೆಟ್ಟ ತೂತುಗಳಲ್ಲಿ ಒಂದು. ನಮಗೆ ಅದು ಪ್ರಯೋಗ. ಮಜಾ ಅಂದರೆ, ಹೊರಗಿಂದ ಬಂದ ಮಾತನ್ನು ಕಣ್ಣುಮುಚ್ಚಿ ನಂಬದಂತೆ ತಡೆಯಲು ಪರ್ಲ್‌ನಲ್ಲೇ 'ಟೇಂಟ್ ಮೋಡ್' ಅನ್ನೋ ವ್ಯವಸ್ಥೆ ಇದೆ. ಈ ಪ್ರಯೋಗಕ್ಕಿಂತ ಒಳ್ಳೆಯ ಸಂದರ್ಭ ಆ ಪಾಠಕ್ಕೆ ಸಿಗೋದಿಲ್ಲ. ಪ್ರಯೋಗದ ಸಾಲಿನಲ್ಲಿ ಅದರ ಸುಳಿವಿಲ್ಲ.

ಇನ್ನೊಂದು ಪ್ರಯೋಗ: ಹೆಸರು, ವಿಳಾಸ, ಇಮೇಲ್ ತೆಗೆದುಕೊಂಡು ಡೇಟಾಬೇಸಿನಲ್ಲಿ ಇಡಿ, ಆಮೇಲೆ ಹೆಸರು ಕೊಟ್ಟು ಹುಡುಕಿ. ಬಂದ ಹೆಸರನ್ನು ನೇರವಾಗಿ ಎಸ್‌ಕ್ಯುಎಲ್ ವಾಕ್ಯದ ಕೋಟ್ ಚಿಹ್ನೆಗಳ ನಡುವೆ ಅಂಟಿಸಿದರೆ 'ರಮೇಶ', 'ಫಾತಿಮಾ' ಎಲ್ಲ ಸರಿಯಾಗಿ ಬರುತ್ತಾರೆ. ಮಂಗಳೂರಿನ ಡಿಸೋಜ ಬಂದ ತಕ್ಷಣ ಪ್ರೋಗ್ರಾಂ ಮುರಿದು ಬೀಳುತ್ತದೆ. ಯಾಕಂದರೆ ಇಂಗ್ಲಿಷಿನಲ್ಲಿ ಅವರ ಹೆಸರಿನ ನಡುವೆ ಒಂದು ಅಪಾಸ್ಟ್ರಫಿ ಇದೆ. ಡೇಟಾಬೇಸ್ ಅದನ್ನು ವಾಕ್ಯ ಮುಗಿದ ಗುರುತು ಅಂದುಕೊಳ್ಳುತ್ತದೆ. ಡಿಸೋಜರಿಗೆ ಆಗೋದು ಕಿರಿಕಿರಿ. ಅದೇ ಜಾಗದಲ್ಲಿ ಕಿಡಿಗೇಡಿಯೊಬ್ಬ ಅಪಾಸ್ಟ್ರಫಿ ಹಾಕಿ ಮುಂದೆ ತನ್ನದೇ ಎಸ್‌ಕ್ಯುಎಲ್ ಬರೆದರೆ ಇಡೀ ಟೇಬಲ್ಲೇ ಅವನ ಕೈಗೆ. ಎಸ್‌ಕ್ಯುಎಲ್ ಇಂಜೆಕ್ಷನ್ ಅನ್ನೋದು ಇಷ್ಟೇ. ಕೇಳಿದ ಪ್ರಶ್ನೆ ಬೇರೆ, ಕೊಟ್ಟ ಮಾಹಿತಿ ಬೇರೆ ಅಂತ ಡೇಟಾಬೇಸಿಗೆ ಮೊದಲೇ ಹೇಳುವ 'ಪ್ರಿಪೇರ್ಡ್ ಸ್ಟೇಟ್‌ಮೆಂಟ್' ಬಳಸಿದರೆ ಡಿಸೋಜರೂ ಒಳಗೆ ಬರುತ್ತಾರೆ, ಕಿಡಿಗೇಡಿಯೂ ಹೊರಗೇ ಉಳಿಯುತ್ತಾನೆ. ಎರಡು ಸಾಲಿನ ವ್ಯತ್ಯಾಸ.

ಮತ್ತೊಂದು, ವಿಟಿಯು ಓದಿದವರಿಗೆಲ್ಲ ಬಾಯಿಪಾಠ ಆಗಿರುವಂಥದ್ದು: ಯುಎಸ್‌ಎನ್ ಪರೀಕ್ಷಿಸುವ ಜಾವಾಸ್ಕ್ರಿಪ್ಟ್. ಒಂದರಿಂದ ನಾಲ್ಕರೊಳಗಿನ ಒಂದು ಅಂಕಿ, ಎರಡು ದೊಡ್ಡಕ್ಷರ, ಎರಡು ಅಂಕಿ, ಎರಡು ದೊಡ್ಡಕ್ಷರ, ಮೂರು ಅಂಕಿ. ಅಂದರೆ ಪ್ರಾಂತ್ಯ, ಕಾಲೇಜು, ಸೇರಿದ ವರ್ಷ, ಬ್ರಾಂಚು, ಕ್ರಮಸಂಖ್ಯೆ. ರೆಗ್ಯುಲರ್ ಎಕ್ಸ್‌ಪ್ರೆಶನ್ ಕಲಿಸಲು ಇದಕ್ಕಿಂತ ಚೆಂದದ ಉದಾಹರಣೆ ಇಲ್ಲ, ಒಪ್ಪುತ್ತೇನೆ. ಆದರೆ ಬ್ರೌಸರಿನಲ್ಲಿ ಮಾಡಿದ ಪರೀಕ್ಷೆ ಬಳಕೆದಾರನ ಅನುಕೂಲಕ್ಕೆ ಮಾತ್ರ. ಜಾವಾಸ್ಕ್ರಿಪ್ಟ್ ಆಫ್ ಮಾಡಿ ಏನು ಬೇಕಾದರೂ ಕಳಿಸಬಹುದು. ಸರ್ವರು ಮತ್ತೆ ಪರೀಕ್ಷಿಸಲೇಬೇಕು. ಇನ್ನೂ ಮುಖ್ಯವಾದದ್ದು, ಯುಎಸ್‌ಎನ್ ಗುರುತು ಹೊರತು ಗುಟ್ಟಲ್ಲ. ನಿಮ್ಮದಕ್ಕೆ ಒಂದು ಕೂಡಿಸಿದರೆ ಪಕ್ಕದ ಬೆಂಚಿನವನದ್ದು ಸಿಗುತ್ತದೆ. ರಿಸಲ್ಟ್ ಬಂದ ದಿನ ಇಡೀ ಕ್ಲಾಸಿನ ಮಾರ್ಕ್ಸ್ ನೋಡದ ಬ್ಯಾಚು ಯಾವುದಿತ್ತು ಹೇಳಿ? ಊಹಿಸಬಹುದಾದ ಸಂಖ್ಯೆಯ ಹಿಂದೆ ಖಾಸಗಿ ಮಾಹಿತಿ ಇಡಬಾರದು ಅನ್ನೋ ಪಾಠ ನಮ್ಮ ಹೆಸರಿನ ಪಕ್ಕದಲ್ಲೇ ಇತ್ತು, ನಾವು ಅದನ್ನು ಫಾರ್ಮ್ಯಾಟ್ ಅಂತ ಮಾತ್ರ ಓದಿದೆವು.

2015: ಹದಿನಾರನೇ ಅಧ್ಯಾಯ ಎಲ್ಲಿ?

2015ರ ಸ್ಕೀಮಿನಲ್ಲಿ ಪುಸ್ತಕ ಬದಲಾಯಿತು. ರ‍್ಯಾಂಡಿ ಕಾನ್ಲಿ ಮತ್ತು ರಿಕಾರ್ಡೊ ಹೋರ್ ಬರೆದ 'ಫಂಡಮೆಂಟಲ್ಸ್ ಆಫ್ ವೆಬ್ ಡೆವಲಪ್‌ಮೆಂಟ್' ಬಂತು, ಎಂಟು ಯೂನಿಟ್ ಹೋಗಿ ಐದು ಮಾಡ್ಯೂಲ್ ಆಯಿತು. ಪರ್ಲ್ ಇಲ್ಲ, ರೂಬಿ ಇಲ್ಲ; ಸರ್ವರಿಗೆ ಪಿಎಚ್‌ಪಿ ಒಂದೇ. ಇದು ಒಳ್ಳೆಯ ನಿರ್ಧಾರ. ಎರಡನೇ ಮಾಡ್ಯೂಲಿನಲ್ಲಿ ಟೇಬಲ್ ಮತ್ತು ಫಾರಂಗಳ ಆಕ್ಸೆಸಿಬಿಲಿಟಿ, ಅಂದರೆ ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಬಳಸಿ ಫಾರಂ ತುಂಬುವಂತೆ ಮಾಡೋದು ಹೇಗೆ ಅನ್ನುವುದೂ ಇದೆ. ಇದನ್ನು ಸಿಲಬಸ್‌ಗೆ ಸೇರಿಸಿದವರಿಗೆ ನಮಸ್ಕಾರ.

ಆದರೆ ಮಾಡ್ಯೂಲುಗಳನ್ನು ಪುಸ್ತಕದ ಅಧ್ಯಾಯಗಳ ಜೊತೆ ಹೊಂದಿಸಿ ನೋಡಿ. ಪಿಎಚ್‌ಪಿ ಅರೇಗಳು, ಕ್ಲಾಸ್‌ಗಳು, ಅಲ್ಲಿಂದ ನೇರ ದೋಷನಿರ್ವಹಣೆಗೆ ಹಾರಿದ್ದಾರೆ. ನಡುವಿನ ಡೇಟಾಬೇಸ್ ಅಧ್ಯಾಯ ಇಲ್ಲ. ಕೊನೆಯ ಮಾಡ್ಯೂಲು ಕುಕಿ-ಸೆಷನ್‌ನಿಂದ ಜೆಕ್ವೆರಿಗೆ, ಅಲ್ಲಿಂದ ಎಕ್ಸ್‌ಎಂಎಲ್ ಮತ್ತು ವೆಬ್ ಸರ್ವಿಸ್‌ಗಳಿಗೆ ಹೋಗುತ್ತದೆ. ಜೆಕ್ವೆರಿ ಹದಿನೈದನೇ ಅಧ್ಯಾಯ, ಎಕ್ಸ್‌ಎಂಎಲ್ ಹದಿನೇಳನೆಯದು. ಬಿಟ್ಟುಹೋದ ಹದಿನಾರನೆಯದರ ಹೆಸರು 'ಸೆಕ್ಯುರಿಟಿ'. ಪುಸ್ತಕ ಕೈಯಲ್ಲೇ ಇದೆ, ದುಡ್ಡು ಕೊಟ್ಟಾಗಿದೆ, ಅಧ್ಯಾಯ ಅಲ್ಲೇ ಇದೆ. ಸಿಲಬಸ್‌ನಲ್ಲಿಲ್ಲ, ಹಾಗಾಗಿ ಪರೀಕ್ಷೆಯಲ್ಲಿಲ್ಲ, ಹಾಗಾಗಿ ಯಾರೂ ಓದೋದಿಲ್ಲ. ಪ್ರತಿ ಮಾಡ್ಯೂಲಿಗೆ ಎರಡು ಪ್ರಶ್ನೆ, ಒಂದಕ್ಕೆ ಉತ್ತರ ಅನ್ನೋ ವ್ಯವಸ್ಥೆಯಲ್ಲಿ ಸಿಲಬಸ್ ಆಚೆಯ ಪುಟ ತಿರುವುವವನನ್ನು ಹಾಸ್ಟೆಲ್ಲಿನಲ್ಲಿ ವಿಚಿತ್ರವಾಗಿ ನೋಡುತ್ತಾರೆ.

ಲ್ಯಾಬ್ ಪ್ರಯೋಗಗಳು ಪರ್ಲ್‌ನಿಂದ ಪಿಎಚ್‌ಪಿಗೆ ಬಂದವು. ಆ ಯುನಿಕ್ಸ್ ಕಮ್ಯಾಂಡ್ ಪ್ರಯೋಗ ಹೋಯಿತು, ಸಮಾಧಾನ. ಬದಲಿಗೆ ಬಂದವುಗಳಲ್ಲಿ ಎರಡನ್ನು ಆ ಬ್ಯಾಚುಗಳವರು ಸಾಯೋವರೆಗೆ ಮರೆಯೋದಿಲ್ಲ. ಒಂದು, ಕೆಂಪು ಅಕ್ಷರದ 'ಟೆಕ್ಸ್ಟ್ ಗ್ರೋಯಿಂಗ್' 100 ಮಿಲಿಸೆಕೆಂಡಿಗೊಮ್ಮೆ ಬೆಳೆದು, 50 ಪಾಯಿಂಟ್ ತಲುಪಿ, ನೀಲಿಯಾಗಿ 'ಟೆಕ್ಸ್ಟ್ ಶ್ರಿಂಕಿಂಗ್' ಅಂತ 5 ಪಾಯಿಂಟಿಗೆ ಕುಗ್ಗೋದು. ಇನ್ನೊಂದು, ಮಿಸಿಸಿಪ್ಪಿ, ಅಲಬಾಮಾ, ಟೆಕ್ಸಾಸ್, ಮ್ಯಾಸಚೂಸೆಟ್ಸ್, ಕಾನ್ಸಾಸ್ ಅನ್ನೋ ಐದು ಅಮೆರಿಕನ್ ರಾಜ್ಯಗಳ ಹೆಸರಲ್ಲಿ ಪದ ಹುಡುಕುವುದು. ಪಿಎಚ್‌ಪಿ ಪ್ರೋಗ್ರಾಂ ಅಂತ ಹೇಳಿ, ಫೈಲಿಗೆ ಪೈಥಾನ್ ಬಾಲ ಇರುವ ಹೆಸರು ಕೊಟ್ಟಿದ್ದಾರೆ! ಎಲ್ಲಿಂದಲೋ ಎತ್ತಿ ತಂದು ಭಾಷೆ ಬದಲಿಸುವಾಗ ಬಾಲ ಉಳಿದುಹೋಗಿದೆ ಅಂತ ಕಾಣುತ್ತದೆ. ನಮಗೆ ಆಗ ಇದ್ದದ್ದು 30 ಜಿಲ್ಲೆ. ಅದರಲ್ಲಿ ಐದು ಸಿಗಲಿಲ್ಲವೇ?

ಲ್ಯಾಬ್ ಪರೀಕ್ಷೆಯ ನಿಯಮವೂ ಗೊತ್ತಿರಲಿ. ಚೀಟಿ ಎತ್ತಿ, ಬಂದ ಪ್ರೋಗ್ರಾಂ ಬರೆದು, ಓಡಿಸಿ ತೋರಿಸಬೇಕು. ಪ್ರಯೋಗ ಬದಲಿಸಲು ಒಮ್ಮೆ ಅವಕಾಶ ಉಂಟು, ಬರವಣಿಗೆಗೆ ಇಟ್ಟ ಅಂಕ ಸೊನ್ನೆಯಾಗುತ್ತದೆ. ಪ್ರೋಗ್ರಾಂಗಳು ಮೊದಲೇ ಗೊತ್ತಿರೋದರಿಂದ ಸಾಲುಸಾಲಾಗಿ ಬಾಯಿಪಾಠ ಮಾಡೋದೇ ಬುದ್ಧಿವಂತಿಕೆ. ಈ ಸ್ಕೀಮಿನಲ್ಲಿ ಲ್ಯಾಬ್ ಜೊತೆ ಮಿನಿ ಪ್ರಾಜೆಕ್ಟ್ ಸೇರಿಸಿದ್ದು ಬಾಯಿಪಾಠಕ್ಕೆ ಮದ್ದಾಗಬೇಕಿತ್ತು. ಕೆಲವು ಕಡೆ ಆಗಿದೆ. ಉಳಿದ ಕಡೆ ಏನಾಗುತ್ತದೆ ಅಂತ ಎಂಜಿನಿಯರಿಂಗ್ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯವರನ್ನು ಕೇಳಿ.

ಜಾಂಗೋ ಮತ್ತು ಒಂದು ಸಣ್ಣ ಪತ್ರಿಕೆ

2021ರ ಸ್ಕೀಮಿನ 'ಫುಲ್ ಸ್ಟ್ಯಾಕ್ ಡೆವಲಪ್‌ಮೆಂಟ್', ಕೋಡ್ 21ಸಿಎಸ್62, ಪೈಥಾನ್ ಭಾಷೆಯ ಜಾಂಗೋ ಫ್ರೇಮ್‌ವರ್ಕ್ ಮೇಲೆ ನಿಂತಿದೆ. ಇಲ್ಲಿ ನನಗೆ ಸ್ವಲ್ಪ ಪಕ್ಷಪಾತ ಇದೆ, ಹೇಳಿಬಿಡುತ್ತೇನೆ. ಜಾಂಗೋ ಹುಟ್ಟಿದ್ದು ಸಾಫ್ಟ್‌ವೇರ್ ಕಂಪನಿಯಲ್ಲಿ ಅಲ್ಲ, ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಊರಿನ 'ಲಾರೆನ್ಸ್ ಜರ್ನಲ್-ವರ್ಲ್ಡ್' ಅನ್ನೋ ಪತ್ರಿಕೆಯ ವೆಬ್ ವಿಭಾಗದಲ್ಲಿ. ಆಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಲ್ಲಿ ಶುರು ಮಾಡಿದರು, 2005ರಲ್ಲಿ ಅದು ಎಲ್ಲರಿಗೂ ಮುಕ್ತವಾಯಿತು. ಸುದ್ದಿಮನೆಯಲ್ಲಿ ಬೆಳಿಗ್ಗೆ ಬೇಕು ಅಂದ ಪುಟ ಸಂಜೆಗೆ ಸಿದ್ಧವಾಗಬೇಕಲ್ಲ, ಆ ಒತ್ತಡದ ಕೂಸು ಅದು. 2015ರ ಸಿಲಬಸ್‌ನಲ್ಲಿದ್ದ ಬ್ಯಾಕ್‌ಬೋನ್ ಕೂಡ ಪತ್ರಕರ್ತರಿಗಾಗಿ ಕಟ್ಟಿದ 'ಡಾಕ್ಯುಮೆಂಟ್‌ಕ್ಲೌಡ್' ಯೋಜನೆಯಿಂದ 2010ರಲ್ಲಿ ಬಂದದ್ದು. ಎಂಜಿನಿಯರಿಂಗ್ ಓದಿ ಪೇಪರಿಗೆ ಯಾಕೆ ಹೋದೆ ಅಂತ ಕೇಳುವ ನೆಂಟರಿಗೆ ನಾನು ಕೊಡುವ ಉತ್ತರ ಇದು.

ತೊಂದರೆ ಪುಸ್ತಕದ್ದು. ಸಿಲಬಸ್ ಸೂಚಿಸಿದ್ದು ಹೊಲೊವಾಟಿ ಮತ್ತು ಜೇಕಬ್ ಕಪ್ಲಾನ್-ಮಾಸ್ ಬರೆದ ಪುಸ್ತಕದ ಎರಡನೇ ಆವೃತ್ತಿಯನ್ನು. ಅದು 2009ರದ್ದು, ಜಾಂಗೋ 1.1ರ ಕಾಲದ್ದು. ಆಗ ಜಾಂಗೋ ಓಡುತ್ತಿದ್ದದ್ದು ಪೈಥಾನ್ 2ರ ಮೇಲೆ. 2017ರ ಡಿಸೆಂಬರಿನಲ್ಲಿ ಬಂದ ಜಾಂಗೋ 2.0 ಪೈಥಾನ್ 2ನ್ನು ಕೈಬಿಟ್ಟಿತು; 2020ರ ಜನವರಿ 1ಕ್ಕೆ ಪೈಥಾನ್ 2ಕ್ಕೆ ಬೆಂಬಲವೇ ನಿಂತಿತು. ಯುಆರ್‌ಎಲ್‌ಗಳನ್ನು ಜೋಡಿಸಲು ಆ ಪುಸ್ತಕ ಹೇಳುವ ವಿಧಾನ ಇವತ್ತಿನ ಜಾಂಗೋದಲ್ಲಿ ಇಲ್ಲ. ಮೂರನೇ ಅಧ್ಯಾಯದ ಮೊದಲ ಉದಾಹರಣೆಯಲ್ಲೇ ವಿದ್ಯಾರ್ಥಿ ಎರರ್ ನೋಡುತ್ತಾನೆ. ಆರನೇ ಸೆಮಿಸ್ಟರಿಗೆ ಈ ವಿಷಯ ಬರುವ ಹೊತ್ತಿಗೆ 2024. ಹದಿನೈದು ವರ್ಷ ಹಳೆಯ ಪುಸ್ತಕ.

ಒಳ್ಳೆಯ ಮೇಷ್ಟ್ರು ಇದ್ದರೆ ಹೊಸ ಡಾಕ್ಯುಮೆಂಟೇಶನ್ ತೆಗೆದು ಪಾಠ ಮಾಡುತ್ತಾರೆ, ಮಾಡುತ್ತಲೂ ಇದ್ದಾರೆ. ಜಾಂಗೋ ಆರಿಸಿದ್ದರಿಂದ ಒಂದು ಲಾಭವೂ ಆಗಿದೆ. ಡಿಸೋಜರ ಸಮಸ್ಯೆಯನ್ನು ಅದು ತಾನೇ ನಿಭಾಯಿಸುತ್ತದೆ. ಪುಟದಲ್ಲಿ ಅನ್ಯರ ಸ್ಕ್ರಿಪ್ಟ್ ನುಸುಳದಂತೆ ಅಕ್ಷರಗಳನ್ನು ತಾನೇ ಬದಲಿಸುತ್ತದೆ. ವಿದ್ಯಾರ್ಥಿ ಕಲಿಯದಿದ್ದರೂ ಅವನ ಆ್ಯಪ್ ಒಂದಷ್ಟು ಸುರಕ್ಷಿತ. ಯಾಕೆ ಸುರಕ್ಷಿತ ಅಂತ ಅವನಿಗೆ ಗೊತ್ತಿಲ್ಲದಿದ್ದರೆ ಅವಸರದಲ್ಲಿ ಅದನ್ನು ಆಫ್ ಮಾಡೋದೂ ಅವನೇ.

ಆ ಪುಸ್ತಕದ ಹತ್ತೊಂಬತ್ತನೇ ಅಧ್ಯಾಯ ಇಂಟರ್‌ನ್ಯಾಶನಲೈಸೇಶನ್, ಅಂದರೆ ಆ್ಯಪನ್ನು ಹಲವು ಭಾಷೆಗಳಲ್ಲಿ ಕೊಡೋದು. ಇಪ್ಪತ್ತನೆಯದು ಸೆಕ್ಯುರಿಟಿ. ಎರಡೂ ಐದು ಮಾಡ್ಯೂಲುಗಳ ಆಚೆಗೇ ಉಳಿದಿವೆ.

ಸ್ತ್ರೀ ಎಷ್ಟು ಅಕ್ಷರ?

ಭಾಷೆಯ ಅಧ್ಯಾಯ ಬಿಟ್ಟರೆ ಏನಾಗುತ್ತದೆ? 'ಸ್ತ್ರೀ' ಅನ್ನೋ ಪದ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಆರು ಸಂಕೇತಗಳ ಸರಣಿ: ಸ, ಹಲಂತ, ತ, ಹಲಂತ, ರ, ಈ ಸ್ವರಚಿಹ್ನೆ. ಜಾವಾಸ್ಕ್ರಿಪ್ಟಿನ ಉದ್ದ ಅಳೆಯುವ ಗುಣ 6 ಅನ್ನುತ್ತದೆ. ಒಂದೊಂದು ಕನ್ನಡ ಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟ್ ಆಗಿರೋದರಿಂದ ಪಿಎಚ್‌ಪಿಯ ಸಾಮಾನ್ಯ ಫಂಕ್ಷನ್ 18 ಅನ್ನುತ್ತದೆ. ಹೆಸರಿಗೆ ಇಪ್ಪತ್ತು ಅಕ್ಷರ ಮಿತಿ ಅಂತ ಇಂಗ್ಲಿಷ್ ತಲೆಯಲ್ಲಿ ಇಟ್ಟುಕೊಂಡು ಫಾರಂ ಬರೆದರೆ, ಬೈಟ್ ಲೆಕ್ಕದಲ್ಲಿ ನಮ್ಮ ಹೆಸರು ಆರು ಸಂಕೇತಕ್ಕೇ ಮುಗಿಯುತ್ತದೆ. ಇನ್ನು ಎ ಇಂದ ಝಡ್‌ವರೆಗಿನ ಅಕ್ಷರ ಮಾತ್ರ ಹೆಸರು ಅಂತ ರೆಗ್ಯುಲರ್ ಎಕ್ಸ್‌ಪ್ರೆಶನ್ ಹಾಕಿದರೆ ಕನ್ನಡ ಬಾಗಿಲಲ್ಲೇ ನಿಲ್ಲುತ್ತದೆ. ಮೈಎಸ್‌ಕ್ಯುಎಲ್‌ನ 8.0ಕ್ಕಿಂತ ಹಳೆಯ ಆವೃತ್ತಿಗಳು ಹೇಳದೆ ಬಿಟ್ಟರೆ ಲ್ಯಾಟಿನ್ ಅಕ್ಷರಗಳಿಗೇ ಸಿದ್ಧವಾಗಿದ್ದವು. ಕನ್ನಡ ಹಾಕಿದರೆ ವಾಪಸ್ ಬರೋದು ಸಾಲು ಪ್ರಶ್ನಾರ್ಥಕ ಚಿಹ್ನೆ.

ಆಡಳಿತದಲ್ಲಿ ಕನ್ನಡ ಬೇಕು ಅಂತ ನಾವು ಬೋರ್ಡುಗಳ ಬಗ್ಗೆ ಜಗಳ ಆಡುತ್ತೇವೆ, ಆಡಬೇಕು ಕೂಡ. ಆದರೆ ಜಿಲ್ಲಾ ಕಚೇರಿಯ ಸಾಫ್ಟ್‌ವೇರ್ ಕನ್ನಡ ಹೆಸರನ್ನು ತಿರಸ್ಕರಿಸುವ ನಿರ್ಧಾರ ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ನಿನಲ್ಲಿ ಕೂತಿರುತ್ತದೆ. ಅದನ್ನು ಬರೆದವರಿಗೆ ಕನ್ನಡ ದ್ವೇಷವೇನೂ ಇಲ್ಲ, ಅಂಥ ಉದಾಹರಣೆಯನ್ನು ತರಗತಿಯಲ್ಲಿ ಯಾರೂ ತೋರಿಸಿಲ್ಲ.

ಕಾನೂನು ಈಗ ಸಿಲಬಸ್‌ಗಿಂತ ಮುಂದೆ ಹೋಗಿದೆ. ಖಾಸಗಿತನ ಮೂಲಭೂತ ಹಕ್ಕು ಅಂತ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು. ಕಣ್ಣು ಮಿಟುಕಿಸಲಾಗದ ಕಾರಣಕ್ಕೆ ಕೆವೈಸಿ ಮುಗಿಸಲಾಗದೆ ಹೋದ ಆಸಿಡ್ ದಾಳಿ ಸಂತ್ರಸ್ತೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು, ಡಿಜಿಟಲ್ ಸೇವೆ ಪಡೆಯುವುದು 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂದಿತು. ಅಂದರೆ ಫಾರಂ ವಿನ್ಯಾಸ ಈಗ ಸಂವಿಧಾನದ ಪ್ರಶ್ನೆ. ವೆಬ್ ಪಾಠದಲ್ಲಿ ಇದಕ್ಕೆ ಒಂದು ಗಂಟೆ ಕೊಟ್ಟರೂ ಸಾಕು.

ಯಾರು ಬದಲಿಸಬೇಕು?

ಹೋಲಿಕೆಗೆ ಒಂದು ಉದಾಹರಣೆ. ಅಮೆರಿಕದ ಎಂಐಟಿಯಲ್ಲಿ ಫಿಲಿಪ್ ಗ್ರೀನ್‌ಸ್ಪನ್, ಈವ್ ಆಂಡರ್‌ಸನ್, ಆಂಡ್ರ್ಯೂ ಗ್ರುಮೆಟ್ ಕಲಿಸಿದ 'ಸಾಫ್ಟ್‌ವೇರ್ ಎಂಜಿನಿಯರಿಂಗ್ ಫಾರ್ ಇಂಟರ್ನೆಟ್ ಅಪ್ಲಿಕೇಶನ್ಸ್' ಅನ್ನೋ ಕೋರ್ಸ್ ಇತ್ತು. 2006ರಲ್ಲಿ ಪುಸ್ತಕವೂ ಆಯಿತು. ವಿದ್ಯಾರ್ಥಿಗಳು ನಿಜವಾದ ಗ್ರಾಹಕರಿಗೆ ಒಂದು ಆ್ಯಪ್ ಕಟ್ಟುತ್ತಾ ಇಡೀ ಸೆಮಿಸ್ಟರ್ ಕಳೆಯಬೇಕು. ಭಾಷೆಯ ವ್ಯಾಕರಣ ಅಲ್ಲಿ ಮುಖ್ಯವಲ್ಲ. ಬಳಕೆದಾರರ ನೋಂದಣಿ ಹೇಗೆ, ಫೋನಿನ ಧ್ವನಿಯಲ್ಲಿ ಸೇವೆ ಕೊಡೋದು ಹೇಗೆ, ಜನ ಹೆಚ್ಚಾದಾಗ ವ್ಯವಸ್ಥೆ ಬೀಳದಂತೆ ನೋಡೋದು ಹೇಗೆ, ಇವೇ ಅಧ್ಯಾಯಗಳು. ಆ ಕೊನೆಯದನ್ನು ಓದಿದಾಗ ನನಗೆ ನೆನಪಾದದ್ದು 2023ರ ಜೂನ್-ಜುಲೈ. ಗೃಹಜ್ಯೋತಿ, ಗೃಹಲಕ್ಷ್ಮಿ ನೋಂದಣಿ ತೆರೆದ ದಿನಗಳಲ್ಲಿ ಜನ ಕಾದದ್ದು, ಸರ್ವರ್ ಸುಸ್ತಾದದ್ದು. ಎಷ್ಟು ಜನ ಬರುತ್ತಾರೆ ಅಂತ ಮೊದಲೇ ಗೊತ್ತಿದ್ದ ದಿನಗಳು ಅವು. ಅದನ್ನೆಲ್ಲ ಸಿಲಬಸ್ ತಲೆಗೆ ಕಟ್ಟೋದು ಅನ್ಯಾಯ. ಟೆಂಡರು, ಬಜೆಟ್ಟು, ಅವಸರ ಎಲ್ಲದರ ಪಾಲಿದೆ. ಆದರೆ ಹೊರೆ ಲೆಕ್ಕ ಹಾಕುವ ಒಂದು ಪ್ರಯೋಗವೂ ಇಲ್ಲದೆ ಪದವಿ ಮುಗಿಸಬಹುದು ಅನ್ನುವುದು ನಿಜ.

ಅಷ್ಟು ಹಣ ಅವರಲ್ಲಿದೆ, ನಮ್ಮಲ್ಲೆಲ್ಲಿ ಅನ್ನಬಹುದು. ಇದಕ್ಕೆ ಹಣ ಬೇಡ. ತಾಲ್ಲೂಕು ಗ್ರಂಥಾಲಯ, ಹಾಲಿನ ಡೇರಿ, ಕಾಲೇಜಿನದ್ದೇ ಹಾಸ್ಟೆಲ್ ಮೆಸ್ಸು, ನಿಜವಾದ ಗ್ರಾಹಕರಿಗೆ ನಮ್ಮಲ್ಲೇನು ಬರ? ಬೆಂಗಳೂರಿನ ದೊಡ್ಡ ಸ್ವಾಯತ್ತ ಕಾಲೇಜುಗಳು ತಮ್ಮ ಸಿಲಬಸ್ ತಾವೇ ಬರೆಯುತ್ತವೆ, ಬೇಕೆಂದಾಗ ಬದಲಿಸುತ್ತವೆ. ಸಣ್ಣ ಊರಿನ ಸ್ವಾಯತ್ತವಲ್ಲದ ಕಾಲೇಜಿನ ಹುಡುಗಿಗೆ ಆ ಸ್ವಾತಂತ್ರ್ಯ ಇಲ್ಲ. ಬೆಳಗಾವಿಯಿಂದ ಬಂದದ್ದೇ ಪಾಠ, ಅದೇ ಪರೀಕ್ಷೆ. ಇಬ್ಬರೂ ಕೂರೋದು ಒಂದೇ ಇಂಟರ್‌ವ್ಯೂಗೆ. ಹಳೆಯ ಪುಸ್ತಕದ ಬೆಲೆಯನ್ನು ಎಲ್ಲರೂ ಸಮನಾಗಿ ತೆರುವುದಿಲ್ಲ.

2022ರ ಸ್ಕೀಮಿನಲ್ಲಿ ಮೊದಲ ವರ್ಷಕ್ಕೇ 'ಇಂಟ್ರೊಡಕ್ಷನ್ ಟು ವೆಬ್ ಪ್ರೋಗ್ರಾಮಿಂಗ್' ಅನ್ನೋ ಆಯ್ಕೆ ಕೊಟ್ಟಿದ್ದಾರೆ, ಒಳ್ಳೆಯ ಹೆಜ್ಜೆ. ಪಠ್ಯವನ್ನು ಬರೆಯೋದು ಆಯಾ ವಿಭಾಗದ ಬೋರ್ಡ್ ಆಫ್ ಸ್ಟಡೀಸ್, ಅದರಲ್ಲಿ ಇರೋರು ಬಹುಪಾಲು ಕಾಲೇಜುಗಳ ಅಧ್ಯಾಪಕರೇ. ಅವರಿಗೆ ಪತ್ರ ಬರೆಯಬಹುದು. ನಾನು ಬರೆದರೆ ಕೇಳುವುದು ಮೂರು: ಪುಸ್ತಕದ ಬದಲು ಚಾಲ್ತಿಯಲ್ಲಿರುವ ಆವೃತ್ತಿಯ ಅಧಿಕೃತ ಡಾಕ್ಯುಮೆಂಟೇಶನ್ ಸೂಚಿಸಿ, ಭದ್ರತೆ ಮತ್ತು ಭಾಷೆಯ ಅಧ್ಯಾಯಗಳನ್ನು ಒಂದು ಮಾಡ್ಯೂಲಿಗೆ ಸೇರಿಸಿ, ಲ್ಯಾಬ್ ಪರೀಕ್ಷೆಯಲ್ಲಿ ಒಂದು ಚೀಟಿಯಾದರೂ, ಕೊಟ್ಟ ಪ್ರೋಗ್ರಾಂ ಓಡಿಸು ಅನ್ನುವ ಬದಲು ಕೊಟ್ಟ ಪ್ರೋಗ್ರಾಂ ಮುರಿದು ತೋರಿಸು ಅನ್ನಲಿ. ಅದಕ್ಕೆ ಹೊಸ ಪ್ರೋಗ್ರಾಂ ಬರೆಯೋ ಶ್ರಮವೂ ಬೇಡ, 2010ರ ಲ್ಯಾಬ್ ಮ್ಯಾನುಯಲ್ ತೆಗೆದರೆ ಸಾಕು.